ಕೆಲಸ ಬಿಟ್ಟಿದ್ದ ಸ್ಯೂಡೊಮೊನಾಸ್ ಮತ್ತೆ ಕೆಲಸಕ್ಕೆ ಬಂದದ್ದು: ನನ್ನ ಅನುಭವ

"ನಿಮ್ಮ ತಳಿಗೆ ವಯಸ್ಸಾಗಿದೆ, ಬಿಟ್ಟುಬಿಡಿ" ಎಂಬ ಮಾತನ್ನು ಮೂರು ವರ್ಷ ಕೇಳಿ ಕೇಳಿ ಸಾಕಾಗಿತ್ತು. ಈಗ ಕಳೆದ ಹತ್ತು ಹನ್ನೊಂದು ಬ್ಯಾಚುಗಳಲ್ಲಿ ಅದೇ ತಳಿ, ಅದೇ ಹಳೇ ಫರ್ಮೆಂಟರು (ಬ್ಯಾಕ್ಟೀರಿಯಾ ಬೆಳೆಸುವ ತೊಟ್ಟಿ), ಒಂದೂ ಕೈಕೊಟ್ಟಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಸ್ಯೂಡೊಮೊನಾಸ್ ಎಂದರೆ ಬೇರಿನ ಮೇಲೆ ಬದುಕಿ ಗಿಡವನ್ನು ರೋಗದಿಂದ ಕಾಯುವ ಬ್ಯಾಕ್ಟೀರಿಯಾ, ನಾವು ಅದನ್ನು ಬೆಳೆಸಿ ಮಾರುತ್ತೇವೆ. ಅದಕ್ಕೆ ಹಾಕುವ ಕಿಂಗ್ಸ್ ಬಿ ಮೀಡಿಯ (ಬೆಳೆಸುವ ಆಹಾರ) ಮಾಡುವುದು ಹೇಗೆ ಎಂಬುದನ್ನೆಲ್ಲ ಹೇಳಲು ಹೋಗುವುದಿಲ್ಲ, ಇದನ್ನು ಓದುವವರ ಕೈಗೆ ಅದು ಹತ್ತಿರುತ್ತದೆ. ಅಂಕಿಗಳೆಲ್ಲ ನೆನಪಿನಿಂದ ಬರೆದವು, ಒಂದಿಷ್ಟು ಹೆಚ್ಚುಕಡಿಮೆ ಇದ್ದೀತು.

ತಳಿ ನಾವೇ ಸೌತೆ ಬೇರಿನ ಮಣ್ಣಿನಿಂದ ಹೆಕ್ಕಿದ್ದು, ನಂಬರ್ 27. ಸಿಎಚ್‌ಎ0, ಪಿಎಫ್-5 ಎಂಬ ಹೆಸರಾಂತ ತಳಿಗಳ ಬಳಗ, ಅಂದರೆ 2011ರಿಂದ ಸ್ಯೂಡೊಮೊನಾಸ್ ಪ್ರೊಟೆಜೆನ್ಸ್ ಎನ್ನಿಸಿಕೊಂಡ ಗುಂಪು. ಡಿಎಪಿಜಿ, ಪಯೊಲ್ಯೂಟಿಯೊರಿನ್ ಎಂಬ ಎರಡು ಆ್ಯಂಟಿಬಯೋಟಿಕ್, ಜೊತೆಗೆ ವಿಷವಾದ ಹೈಡ್ರೊಜನ್ ಸಯನೈಡ್, ಮೂರನ್ನೂ ಮಾಡುತ್ತದೆ. ಮೊದಲ ವರ್ಷ ಪ್ಲೇಟಿನಲ್ಲಿ ಸಸಿ ಕೊಳೆಸುವ ಪಿಥಿಯಂ ಎದುರು ಇಟ್ಟರೆ ಬೆರಳಗಲ ಜಾಗ ಖಾಲಿ ಮಾಡಿಸುತ್ತಿತ್ತು. ಕುಂಡದ ಪ್ರಯೋಗದಲ್ಲೂ ಅಷ್ಟೇ, ಹತ್ತು ಸಸಿಯಲ್ಲಿ ಏಳೆಂಟು ನಿಲ್ಲುತ್ತಿದ್ದವು. ಎರಡನೇ ವರ್ಷ ಆರು. ಆಮೇಲೆ ನಾಲ್ಕು. ಹಾಕದ ಕುಂಡದಲ್ಲೇ ಮೂರು ನಿಲ್ಲುತ್ತಿದ್ದವು ಎಂದಮೇಲೆ ನಾಲ್ಕಕ್ಕೆ ಏನು ಬೆಲೆ?

ತಮಾಷೆ ಏನೆಂದರೆ ಆ ಕೆಟ್ಟ ಬ್ಯಾಚುಗಳೇ ನೋಡಲು ಚೆಂದ. ಕಲ್ಚರ್ ಗಟ್ಟಿಯಾಗಿ ಬೆಳೆಯುತ್ತಿತ್ತು, ಎಣಿಕೆ ಒಂದು ಮಿಲಿಗೆ 10ರ ಘಾತ 9ನ್ನು ಆರಾಮಾಗಿ ದಾಟುತ್ತಿತ್ತು, ಯುವಿ ದೀಪದ ಕೆಳಗೆ ಹಿಡಿದರೆ ಹಸಿರು ಹಳದಿ ಹೊಳಪು ಮೊದಲಿಗಿಂತ ಜಾಸ್ತಿ. "ಎಷ್ಟು ಚೆನ್ನಾಗಿ ಹೊಳೀತಿದೆ ನೋಡಿ" ಎಂದು ನಾನೇ ಬಂದವರಿಗೆಲ್ಲ ತೋರಿಸಿದ್ದೇನೆ. ಆ ಹೊಳಪೇ ರೋಗದ ಲಕ್ಷಣ ಎಂದು ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಎಲ್ಲರೂ ಮೊದಲು ಹೇಳುವುದು ಕಂಟ್ಯಾಮಿನೇಶನ್, ಅಂದರೆ ಬೇರೆ ಜೀವಿ ಸೇರಿಕೊಂಡಿದೆ ಎಂದು. ನಾವೂ ಅದನ್ನೇ ನಂಬಿ ಲ್ಯಾಮಿನಾರ್ ಫ್ಲೋ ಫಿಲ್ಟರ್ ಬದಲಿಸಿದೆವು, ಫರ್ಮೆಂಟರಿನ ರಬ್ಬರ್ ಸೀಲುಗಳನ್ನೆಲ್ಲ ಕಿತ್ತು ಹೊಸದು ಹಾಕಿದೆವು. ಆ ವರ್ಷ ಕೆಮಿಕಲ್ಲಿಗೆ ಎಂದು ಇಟ್ಟುಕೊಂಡಿದ್ದ ಹಣದ ಅರ್ಧ ಅಲ್ಲಿಗೇ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. 16ಎಸ್ (ಜೀವಿ ಯಾವುದೆಂದು ಗುರುತಿಸುವ ಜೀನ್) ಓದಿಸಿದರೆ ಬಂದದ್ದು ನಮ್ಮ 27ನೇ ನಂಬರಿನ ಸಾಲೇ. ಸರಿ, ಹಾಗಾದರೆ ಆ್ಯಂಟಿಬಯೋಟಿಕ್ ಜೀನೇ ಬಿದ್ದುಹೋಗಿರಬೇಕು ಎಂದು ಪಿಎಚ್‌ಎಲ್‌ಡಿ ಪಿಸಿಆರ್ (ಡಿಎಪಿಜಿ ತಯಾರಿಸುವ ಜೀನ್ ಇದೆಯೇ ಎಂದು ನೋಡುವ ಪರೀಕ್ಷೆ) ಹಾಕಿದೆವು. 745 ಬೇಸಿನ ಬ್ಯಾಂಡು ಪ್ರತಿ ಸಲವೂ ಕಣ್ಣಿಗೆ ಹೊಡೆಯುವಂತೆ ನಿಂತಿತ್ತು. ಎಚ್‌ಪಿಎಲ್‌ಸಿಯಲ್ಲಿ (ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಮಾತ್ರ, 270 ನ್ಯಾನೊಮೀಟರಿನಲ್ಲಿ, ಡಿಎಪಿಜಿ ಶಿಖರ ಇರಬೇಕಾದ ಜಾಗದಲ್ಲಿ ಗೆರೆ ಮಲಗಿತ್ತು. ಜೀನ್ ಇದೆ, ಮಾಲು ಇಲ್ಲ.

ಇಲ್ಲಿ ಕಲ್ಚರ್ ಫ್ಲಾಸ್ಕುಗಳನ್ನು ಕುಲುಕುವ ಶೇಕರಿನ ವಿಷಯ ಹೇಳಲೇಬೇಕು, ಏಕೆಂದರೆ ಆರು ತಿಂಗಳು ನಮ್ಮನ್ನು ದಾರಿ ತಪ್ಪಿಸಿದ್ದು ಅದು. ಒಂದು ಶೇಕರಿನಲ್ಲಿ ಬೆಳೆಸಿದರೆ ಡಿಎಪಿಜಿ ಸ್ವಲ್ಪವಾದರೂ ಬರುತ್ತಿತ್ತು, ಇನ್ನೊಂದರಲ್ಲಿ ಬಹುತೇಕ ಸೊನ್ನೆ. ಎರಡೂ 28 ಡಿಗ್ರಿ ಎಂದೇ ತೋರಿಸುತ್ತಿದ್ದವು. ಕೊನೆಗೆ ಒಂದು ಪಾದರಸದ ಥರ್ಮಾಮೀಟರನ್ನು ನೀರು ತುಂಬಿದ ಫ್ಲಾಸ್ಕಿನಲ್ಲಿ ಇಳಿಬಿಟ್ಟು ರಾತ್ರಿಯೆಲ್ಲ ಕುಲುಕಿಸಿದೆ. ಬೆಳಿಗ್ಗೆ ನೋಡಿದರೆ 34ರ ಮೇಲೆ. ಸಿಎಚ್‌ಎ0ದಲ್ಲಿ 30ರಿಂದ 35 ಡಿಗ್ರಿಗೆ ಏರಿಸಿದರೆ ಈ ವಸ್ತುಗಳ ತಯಾರಿಯನ್ನು ಚಾಲೂ ಮಾಡುವ ಗ್ಯಾಕ್ ವ್ಯವಸ್ಥೆಯೇ ತಗ್ಗುತ್ತದೆ, ಪುಟ್ಟ ಆರ್‌ಎನ್‌ಎಗಳು ಇಳಿಯುತ್ತವೆ, ಡಿಎಪಿಜಿ ನಿಲ್ಲುತ್ತದೆ ಎಂಬುದು ಗೊತ್ತಿರುವ ಸಂಗತಿ. ನಮ್ಮದೂ ಹಾಗೇ. ಶೇಕರ್ ರಿಪೇರಿಯಾದ ದಿನ ಎಲ್ಲ ಮುಗಿಯಿತು ಎಂದು ಸಂಭ್ರಮಪಟ್ಟೆವು. ಆ ಫ್ಲಾಸ್ಕು ಸುಧಾರಿಸಿತು, ಫರ್ಮೆಂಟರ್ ಸುಧಾರಿಸಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಕಳ್ಳರಿದ್ದರು, ಒಬ್ಬನನ್ನಷ್ಟೇ ಹಿಡಿದಿದ್ದೆವು.

ಆದರೂ ಶೇಕರಿನಿಂದ ಒಂದು ಉಪಕಾರವಾಯಿತು. ತಲೆಗೆ "ಗ್ಯಾಕ್" ಎಂಬ ಪದ ಹೊಕ್ಕಿತು. ಜೀನ್ ಇದ್ದೂ ಮೂರೂ ವಸ್ತು ಒಟ್ಟಿಗೆ ನಿಂತಿವೆ ಎಂದರೆ ಮೇಲಿನ ಯಜಮಾನನೇ ಹೋಗಿರಬೇಕಲ್ಲವೇ? ಗ್ಯಾಕ್‌ಎಸ್ ಪೊರೆಯಲ್ಲಿ ಕೂತು ಸುದ್ದಿ ಹಿಡಿದು ಗ್ಯಾಕ್‌ಎಗೆ ಫಾಸ್ಫೇಟ್ ದಾಟಿಸುತ್ತದೆ. ಗ್ಯಾಕ್‌ಎ ಆರ್‌ಎಸ್‌ಎಮ್ ಎಕ್ಸ್, ವೈ, ಝಡ್ ಎಂಬ ಪುಟ್ಟ ಆರ್‌ಎನ್‌ಎಗಳನ್ನು ಹೊರಡಿಸುತ್ತದೆ. ಅವು ತಮ್ಮ ಜಿಜಿಎ ಕೊಕ್ಕೆಗಳಿಂದ ಆರ್‌ಎಸ್‌ಎಮ್‌ಎ, ಆರ್‌ಎಸ್‌ಎಮ್‌ಇ ಪ್ರೋಟೀನುಗಳನ್ನು ಹಿಡಿದೆಳೆದಾಗ ಮಾತ್ರ ಎಂಆರ್‌ಎನ್‌ಎ (ಜೀನಿನ ನಕಲು) ಮೇಲೆ ಪ್ರೋಟೀನು ಕಟ್ಟುವ ರೈಬೊಸೋಮಿಗೆ ಕೂರಲು ಜಾಗ. ಗ್ಯಾಕ್ ಕೆಟ್ಟರೆ ಆ ಪ್ರೋಟೀನುಗಳು ಜಾಗ ಬಿಡುವುದಿಲ್ಲ, ಆ್ಯಂಟಿಬಯೋಟಿಕ್ಕೂ ಇಲ್ಲ, ಸಯನೈಡೂ ಇಲ್ಲ, ಹೊರಗೆ ಸುರಿಯುವ, ಪ್ರೋಟೀನು ಕತ್ತರಿಸುವ ಪ್ರೋಟಿಯೇಸೂ ಇಲ್ಲ. ಯುವಿಯಲ್ಲಿ ಹೊಳೆಯುವ ಪಯೊವರ್ಡಿನ್ ಮಾತ್ರ ಏರುತ್ತದೆ. ನನ್ನ ಹೊಳಪಿನ ಜಂಬ ಇಳಿದದ್ದು ಇಲ್ಲಿ.

ಪ್ರೋಟಿಯೇಸ್ ಹೋಗುತ್ತದೆ ಎಂದಮೇಲೆ ಪರೀಕ್ಷೆ ಸುಲಭ. ಕೆನೆ ತೆಗೆದ ಹಾಲಿನ ಪುಡಿ ಹಾಕಿದ ಅಗಾರ್. ಪ್ರೋಟಿಯೇಸ್ ಬಿಡುವ ಕಾಲೊನಿಯ (ಒಂದು ಜೀವಿಯಿಂದ ಬೆಳೆದ ಗುಂಪಿನ) ಸುತ್ತ ಹಾಲು ತಿಳಿಯಾಗಿ ವಲಯ ಬೀಳುತ್ತದೆ. ಹಾಲನ್ನು ಬೇರೆಯಾಗಿಯೇ ಆಟೋಕ್ಲೇವ್ ಮಾಡಿ, ಸ್ವಲ್ಪ ಹೊತ್ತು ಮಾತ್ರ. ಇಲ್ಲದಿದ್ದರೆ ಕಂದಾಗಿ ಏನೂ ಕಾಣುವುದಿಲ್ಲ. ನೂರಕ್ಕೆ ಒಂದು ಪಾಲು ಸಾಕು. ನಾವು ಆಸೆಬಿದ್ದು ಮೂರು ಹಾಕಿದ್ದೆವು, ಪ್ಲೇಟು ಸುಣ್ಣ ಬಳಿದ ಗೋಡೆಯಾಯಿತು, ಒಳ್ಳೆಯ ಕಾಲೊನಿಗೂ ವಲಯ ಕಾಣಲಿಲ್ಲ. ಪ್ಲೇಟು ತೆಳುವಾಗಿರಲಿ. 48 ಗಂಟೆಗೆ ಮುಂಚೆ ತೀರ್ಪು ಕೊಡಬೇಡಿ.

ಫರ್ಮೆಂಟರಿನ ಸ್ಯಾಂಪಲ್ ಹರಡಿ ಎರಡು ದಿನ ಬಿಟ್ಟು ತೆಗೆದ ಆ ಪ್ಲೇಟು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಸುತ್ತ ತಿಳಿ ವಲಯ ಇರುವ ಕಾಲೊನಿ ಅಲ್ಲೊಂದು ಇಲ್ಲೊಂದು. ಉಳಿದವೆಲ್ಲ ದಪ್ಪಗೆ, ನುಣ್ಣಗೆ, ಸ್ವಲ್ಪ ಕಿತ್ತಳೆ ಛಾಯೆ, ಸುತ್ತ ಹಾಲು ಹಾಗೇ ಬಿಳುಪು. ಎಣಿಸಿದರೆ ನೂರರಲ್ಲಿ ಎಪ್ಪತ್ತರ ಮೇಲೆ ಬಿಳುಪಿನವು. ಕೂಳಿಗೆ ದಂಡ, ಭೂಮಿಗೆ ಭಾರ ಎನ್ನುತ್ತಾರಲ್ಲ, ಅಂಥವರ ಪಡೆ. ನಾನು ಅವಕ್ಕೆ ಇಟ್ಟ ಹೆಸರೇ "ದಂಡಪಿಂಡಗಳು", ಲ್ಯಾಬಿನಲ್ಲಿ ಇವತ್ತಿಗೂ ಅದೇ ಹೆಸರು.

ಸಯನೈಡ್ ತೋರಿಸುವ ಪಿಕ್ರೇಟ್ ಕಾಗದ ಪರೀಕ್ಷೆಯೂ ಮಾಡಿದೆವು. ವಲಯ ಇದ್ದವು ಹಳದಿ ಕಾಗದವನ್ನು ಇಟ್ಟಿಗೆ ಬಣ್ಣಕ್ಕೆ ತಿರುಗಿಸಿದವು, ದಂಡಪಿಂಡಗಳು ತಿರುಗಿಸಲಿಲ್ಲ. (ಪಿಕ್ರಿಕ್ ಆ್ಯಸಿಡ್ ಬಾಟಲಿ ಒಣಗಲು ಬಿಡಬೇಡಿ. ಒಣಗಿದರೆ ಅದು ಸಿಡಿಮದ್ದು.)

ಇಷ್ಟಾದರೂ ಒಪ್ಪಿಸುವುದು ಸುಲಭವಿರಲಿಲ್ಲ. ನಮ್ಮ ಹಿರಿಯರೊಬ್ಬರು, "ಪ್ರೋಟಿಯೇಸ್ ಇಲ್ಲ ಅಂದಮಾತ್ರಕ್ಕೆ ಗ್ಯಾಕ್ ಅಂತೀಯಲ್ಲಪ್ಪ, ಸಾಬೀತು ಎಲ್ಲಿ?" ಎಂದರು. ನ್ಯಾಯವೇ. ಒಳ್ಳೆಯ ಗ್ಯಾಕ್‌ಎ ಜೀನನ್ನು ಕಡಿಮೆ ಪ್ರತಿಗಳ ಪ್ಲಾಸ್ಮಿಡ್ಡಿನಲ್ಲಿ (ಜೀನು ಸಾಗಿಸುವ ಪುಟ್ಟ ಡಿಎನ್ಎ ಉಂಗುರ) ಕೂರಿಸಿ ಒಂದು ದಂಡಪಿಂಡಕ್ಕೆ ಕೊಟ್ಟೆ. ಏನೂ ಆಗಲಿಲ್ಲ, ಹಾಲು ಬಿಳುಪು ಬಿಳುಪೇ. ಹಿರಿಯರು ಏನೂ ಹೇಳದೆ ನಕ್ಕರು, ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ನನ್ನ ಊಹೆ ಸುಳ್ಳು ಎಂದು ಬರೆದಿಟ್ಟು ನಾಲ್ಕು ತಿಂಗಳು ಬೇರೆ ಕೆಲಸಕ್ಕೆ ಹೋದೆ.

ಪೆದ್ದುತನ ಎಂದರೆ ಅದು. ಪ್ರಯತ್ನಿಸಿದ್ದು ಒಂದೇ ಒಂದು ಕಾಲೊನಿ. ಗ್ಯಾಕ್‌ಎಸ್ ಜೀನು ಗ್ಯಾಕ್‌ಎಗಿಂತ ನಾಲ್ಕು ಪಟ್ಟು ಉದ್ದ, ಏಟು ಬೀಳಲು ಅಲ್ಲಿ ಎಷ್ಟೊಂದು ಜಾಗ! ಮತ್ತೆ ಕೂತು, ಬೇರೆ ಬೇರೆ ಬ್ಯಾಚಿನ ಎಂಟು ದಂಡಪಿಂಡಗಳನ್ನು ಆರಿಸಿ, ಎರಡೂ ಪ್ಲಾಸ್ಮಿಡ್ಡುಗಳನ್ನು ಬೇರೆಬೇರೆಯಾಗಿ ಕೊಟ್ಟೆ. ಗ್ಯಾಕ್‌ಎಸ್ ಕೊಟ್ಟಾಗ ಐದು ತಿರುಗಿ ಬಂದವು. ಗ್ಯಾಕ್‌ಎ ಕೊಟ್ಟಾಗ ಎರಡು. ಹಾಲಿನಲ್ಲಿ ವಲಯ, ಕಾಗದದಲ್ಲಿ ಬಣ್ಣ, ಎಚ್‌ಪಿಎಲ್‌ಸಿಯಲ್ಲಿ ಶಿಖರ, ಮೂರೂ ಒಟ್ಟಿಗೆ. ಎಂಟನೆಯದು ಯಾವುದಕ್ಕೂ ಬಗ್ಗಲಿಲ್ಲ. ಮೊದಲು ನಕ್ಕಿಸಿದ್ದ ಆ ಕಾಲೊನಿಯನ್ನು ಸೀಕ್ವೆನ್ಸಿಂಗಿಗೆ ಕಳಿಸಿದರೆ ಗ್ಯಾಕ್‌ಎಸ್ ನಡುವೆ ಒಂದೇ ಒಂದು ಬೇಸು ಮಾಯ, ಓದುವ ಸಾಲೇ ಜಾರಿಬಿಟ್ಟಿತ್ತು. ಆ ಒಂದು ಅಕ್ಷರಕ್ಕೆ ನಾನು ತೆತ್ತದ್ದು ಎಷ್ಟು ಎಂದು ಲೆಕ್ಕ ಹಾಕಲು ಇನ್ನೂ ಧೈರ್ಯ ಬಂದಿಲ್ಲ.

ರೋಗ ಗೊತ್ತಾಯಿತು, ಮದ್ದು? ಇಲ್ಲಿಯೂ ಮೊದಲು ಜಾಣತನ ಮಾಡಲು ಹೋಗಿ ಬಿದ್ದೆ. ಡಿಎಪಿಜಿಗೆ ತಡೆ ಹಾಕುವುದು ಪಿಎಚ್‌ಎಲ್‌ಎಫ್, ಅದನ್ನೇ ಕಿತ್ತುಹಾಕಿದರೆ? ಕಿತ್ತೆ. ಪ್ಲೇಟಿನಲ್ಲಿ ಭರ್ಜರಿ ಡಿಎಪಿಜಿ, ಅದೂ ಬೆಳವಣಿಗೆಯ ಶುರುವಿನಿಂದಲೇ. ಆದರೆ ಜೀವಿ ನಿಧಾನ, ಬೇರಿನ ಮೇಲೆ ಎರಡನೇ ವಾರಕ್ಕೆ ಸಂಖ್ಯೆ ಕುಸಿತ, ಸೌತೆ ಸಸಿಯ ಬೇರೇ ಸ್ವಲ್ಪ ಮೊಟಕು. ಡಿಎಪಿಜಿ ಅತಿಯಾದರೆ ಗಿಡಕ್ಕೂ ವಿಷ ಎಂಬುದನ್ನು ಓದಿದ್ದೆ, ಕಣ್ಣಾರೆ ನೋಡಿದೆ. ಮೇಲಾಗಿ ಆ ತಳಿಯಲ್ಲೂ ಗ್ಯಾಕ್ ದಂಡಪಿಂಡಗಳು ಹುಟ್ಟುವುದು ನಿಲ್ಲಲಿಲ್ಲ, ಇನ್ನೂ ಬೇಗ ಮೇಲುಗೈ ಆದವು ಎಂದೇ ನನ್ನ ನೆನಪು. ಖರ್ಚಿನ ಹೊರೆ ಹೆಚ್ಚಿದಷ್ಟೂ ಹೊರೆ ಇಳಿಸಿದವನಿಗೆ ಲಾಭ ತಾನೇ.

ಇನ್ನೊಬ್ಬ ಗೆಳೆಯರು "ಕೋರಮ್ ಸೆನ್ಸಿಂಗ್ ನೋಡ್ರೀ, ಹೋಮೊಸೆರಿನ್ ಲ್ಯಾಕ್ಟೋನ್ ಹಾಕಿ" ಎಂದು ಬೆನ್ನು ಬಿದ್ದರು. ಬ್ಯಾಕ್ಟೀರಿಯಾಗಳು ಲ್ಯಾಕ್ಟೋನಿನಂಥ ಸಂಕೇತ ವಸ್ತು ಬಿಟ್ಟು ತಮ್ಮ ಗುಂಪು ಎಷ್ಟಿದೆ ಎಂದು ತಿಳಿಯುವ ವ್ಯವಸ್ಥೆ ಅದು. ಗೋಧಿ ಬೇರಿನ 30-84 ಎಂಬ ಸ್ಯೂಡೊಮೊನಾಸ್ ತಳಿ ಮಾಡುವ ಆ್ಯಂಟಿಬಯೋಟಿಕ್ ಫೆನಜಿನ್‌ಗೆ ಅದು ಸರಿ, ಅಲ್ಲಿ ಅದಕ್ಕೆ ಬೇಕಾದ ಜೀನುಗಳಾದ ಪಿಎಚ್‌ಝಡ್‌ಐ, ಪಿಎಚ್‌ಝಡ್‌ಆರ್ ಇವೆ. ನಮ್ಮ ಬಳಗ ಲ್ಯಾಕ್ಟೋನ್ ಮಾಡುವುದೇ ಇಲ್ಲ. ಗ್ಯಾಕ್‌ಎಸ್ ಕೇಳುವ ಸಂಕೇತ ಬೇರೆಯೇ. ಅವರ ಮಾತು ಮೀರಲಾರದೆ ಡೈಕ್ಲೋರೊಮೀಥೇನಿನಲ್ಲಿ ಹಳೇ ಕಲ್ಚರ್ ಸಾರ ತೆಗೆದು ಹೊಸ ಕಲ್ಚರಿಗೆ ಹಾಕಿದೆ. ಒಳ್ಳೆಯ ತಳಿಯಲ್ಲಿ ಡಿಎಪಿಜಿ ಒಂದೆರಡು ಗಂಟೆ ಮುಂಚೆ ಶುರುವಾಯಿತು, ದಂಡಪಿಂಡ ಅಲ್ಲಾಡಲಿಲ್ಲ. ಕಿವುಡನ ಮುಂದೆ ಕೂಗಿದರೇನು? ಸಾಲ್ವೆಂಟಿನ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಕೊನೆಗೆ ಫಲ ಕೊಟ್ಟದ್ದು ಜೀನು ತಿದ್ದುವುದಲ್ಲ, ಸಾಕುವ ರೀತಿ. ಒಂದು ಲೀಟರಿನಲ್ಲಿ 10ರ ಘಾತ 12 ಜೀವಿ ಇರುವಾಗ ಮ್ಯುಟೆಂಟ್ (ಜೀನ್ ಬದಲಾದ ಜೀವಿ) ಹುಟ್ಟದಂತೆ ತಡೆಯಲು ಯಾರಿಂದಲೂ ಆಗದು. ಅದು ಮೇಲುಗೈ ಆಗದಂತೆ ನೋಡಿಕೊಳ್ಳಬಹುದು. ಅದಕ್ಕೆ ಬಲ ಕೊಡುತ್ತಿದ್ದದ್ದು ನಮ್ಮದೇ ಕೊಬ್ಬಿದ ಮೀಡಿಯ ಮತ್ತು ಕಲ್ಚರನ್ನು ಬೆಳವಣಿಗೆ ನಿಂತ ಮೇಲೂ ಇಡೀ ರಾತ್ರಿ ಕುಲುಕಿಸುವ ಚಾಳಿ. ಮೀಡಿಯ ತೆಳುವಾಗಿಸಿ, ಸತು ಮುಂತಾದ ಖನಿಜ ಸೇರಿಸಿದರೆ ಗ್ಯಾಕ್ ಮ್ಯುಟೆಂಟ್ ಹೆಚ್ಚುವುದು ತಗ್ಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಡಫಿ ಮತ್ತು ಡೆಫಾಗೊ 2000ರಲ್ಲೇ ಪ್ರಕಟಿಸಿದ್ದಾರೆ, ಹಾಗಾಗಿ ಮೂಲ ಉಪಾಯ ನನ್ನದಲ್ಲ. ಆದರೆ ಓದುವುದು ಬೇರೆ, ದೊಡ್ಡ ಫರ್ಮೆಂಟರಿನಲ್ಲಿ ಕೂರಿಸುವುದು ಬೇರೆ, ಆ ಮೈಲಿಗಲ್ಲು ನಮ್ಮದೇ.

ಮೊದಲು ಮೀಡಿಯವನ್ನು ಹತ್ತನೇ ಒಂದು ಪಾಲಿಗೆ ತೆಳು ಮಾಡಿದೆ. ದಂಡಪಿಂಡಗಳು ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿದವು, ಜೊತೆಗೆ ಎಣಿಕೆಯೂ 10ರ ಘಾತ 8ರ ಹತ್ತಿರಕ್ಕೆ ಇಳಿಯಿತು. ನಮ್ಮಿಂದ ಮಾಲು ಒಯ್ಯುವ ಕಡೆಯವರು ಎಣಿಕೆ ನೋಡಿ ಅರ್ಧ ಲೋಡು ವಾಪಸ್ ಕಳಿಸಿದರು. "ಇದರಲ್ಲಿ ಇರುವವೆಲ್ಲ ಕೆಲಸಗಾರರು" ಎಂದರೆ ಕೇಳುವವರು ಯಾರು? ಲೇಬಲ್ಲಿನಲ್ಲಿ ಸಂಖ್ಯೆಗೆ ಜಾಗ ಇದೆ, ಕೆಲಸಕ್ಕೆ ಇಲ್ಲ. ಆ ತಿಂಗಳು ಕೈಯಿಂದ ಹಣ ಹಾಕಿ ನಿಭಾಯಿಸಿದೆ. ಆಮೇಲೆ ತೆಳು ಮೀಡಿಯದಲ್ಲಿ ಶುರು ಮಾಡಿ ಗ್ಲೂಕೋಸನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡುವ ಹಾದಿ ಹಿಡಿದೆ. ಗ್ಲಿಸರಾಲ್ ಬಿಟ್ಟು ಗ್ಲೂಕೋಸ್ ಯಾಕೆಂದರೆ ಈ ಬಳಗದಲ್ಲಿ ಗ್ಲೂಕೋಸ್ ಡಿಎಪಿಜಿಯ ಕಡೆ, ಗ್ಲಿಸರಾಲ್ ಪಯೊಲ್ಯೂಟಿಯೊರಿನ್ ಕಡೆ ವಾಲಿಸುತ್ತದೆ, ಮತ್ತು ಆ ಎರಡು ಒಂದನ್ನೊಂದು ತುಳಿಯುತ್ತವೆ. ಫಾಸ್ಫೇಟ್ ಜಾಸ್ತಿ ಇದ್ದರೆ ಎರಡಕ್ಕೂ ಕೇಡು ಎಂದು ಅದನ್ನು ಪೂರ್ತಿ ತೆಗೆದೆ, ಪಿಎಚ್ ಹಿಡಿತ ತಪ್ಪಿ ಒಂದು ಬ್ಯಾಚು ಹುಳಿಯಾಗಿ ಸತ್ತಿತು. ಬದಲಿಗೆ ಪಿಎಚ್ ಹಿಡಿದಿಡುವ ಮಾಪ್ಸ್ ಬಫರ್ ಹಾಕಿದರೆ ಚೆನ್ನ, ಆದರೆ ಫರ್ಮೆಂಟರಿಗೆ ಹಾಕುವಷ್ಟು ಮಾಪ್ಸ್ ಕೊಳ್ಳುವವನು ಬ್ಯಾಕ್ಟೀರಿಯಾ ಮಾರಬೇಕಾಗಿಲ್ಲ. ಕೊನೆಗೆ ಫಾಸ್ಫೇಟ್ ಕಾಲುಭಾಗ ಇಟ್ಟು, ಕ್ಷಾರವನ್ನು ಪಂಪಿನಲ್ಲಿ ಬಿಡುತ್ತಾ ಸರಿದೂಗಿಸಿದೆ.

ಸತುವಿಗೆ ಜಿಂಕ್ ಸಲ್ಫೇಟ್, 0.7 ಮಿಲಿಮೋಲಾರ್ ಆಸುಪಾಸಿನಿಂದ ಶುರು ಮಾಡಿ. ನಾನು ಈಗ ಎಷ್ಟು ಹಾಕುತ್ತೇನೆ, ಯಾವ ಗಂಟೆಗೆ ಹಾಕುತ್ತೇನೆ ಎಂಬುದನ್ನು ಬಾಯಿಬಿಡುವುದಿಲ್ಲ, ಹೊಟ್ಟೆಪಾಡು ಇದೆ. ಮೊದಲ ಗಂಟೆಯಲ್ಲೇ ಎಲ್ಲವನ್ನೂ ಸುರಿಯಬೇಡಿ, ಲ್ಯಾಗ್ (ಬೆಳವಣಿಗೆ ಶುರುವಾಗುವ ಮುಂಚಿನ ಹೊತ್ತು) ಎಳೆಯುತ್ತದೆ. ಅಷ್ಟು ಸುಳಿವು ಸಾಕು.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ದೊಡ್ಡ ಬದಲಾವಣೆ ಸ್ಟಾಕಿನದು. ಮೊದಲು ನಾವು ಸ್ಲಾಂಟಿನಿಂದ ಸ್ಲಾಂಟಿಗೆ (ಓರೆಯಾಗಿ ಅಗಾರ್ ಹೆಪ್ಪುಗಟ್ಟಿಸಿದ ನಳಿಕೆ) ತಿಂಗಳಿಗೊಮ್ಮೆ ದಾಟಿಸುತ್ತಾ ವರ್ಷಗಟ್ಟಲೆ ನಡೆಸಿದ್ದೆವು. ಪ್ರತಿ ದಾಟಿಸುವಿಕೆಯಲ್ಲೂ ಲೂಪಿಗೆ ಹತ್ತುತ್ತಿದ್ದದ್ದು ದಪ್ಪ ಕಾಲೊನಿ, ಅಂದರೆ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ದಂಡಪಿಂಡಗಳನ್ನು ಕೈಯಾರೆ ಆರಿಸಿ ಸಾಕಿದ್ದು ನಾವೇ! ಈಗ ಹಾಲಿನಲ್ಲಿ ಪಾಸಾದ ಒಂದೇ ಕಾಲೊನಿಯಿಂದ, ಇನ್ನೂ ಚುರುಕಾಗಿ ಬೆಳೆಯುತ್ತಿರುವಾಗಲೇ, ಗ್ಲಿಸರಾಲಿನಲ್ಲಿ ಇನ್ನೂರು ವಯಲ್ ಮೈನಸ್ 80ಕ್ಕೆ. ಒಂದು ಬ್ಯಾಚಿಗೆ ಒಂದು ವಯಲ್, ಉಳಿದದ್ದು ಚೆಲ್ಲುವುದು. ವಯಲಿನಿಂದ ಫರ್ಮೆಂಟರಿಗೆ ಎರಡೇ ಮೆಟ್ಟಿಲು. ಬೆಳವಣಿಗೆ ನಿಲ್ಲುವ ಮೊದಲೇ ಕಲ್ಚರನ್ನು ಹೊರತೆಗೆಯುವುದು, ಅದು ನಡುರಾತ್ರಿಯಾದರೂ ಸರಿ. ಪ್ರತಿ ಬ್ಯಾಚಿನಿಂದ ಇನ್ನೂರು ಮುನ್ನೂರು ಕಾಲೊನಿ ಹಾಲಿನ ಮೇಲೆ. ದಂಡಪಿಂಡ ನೂರಕ್ಕೆ ಎರಡು ದಾಟಿದರೆ ಬ್ಯಾಚು ಹೊರಗೆ. ಹನ್ನೊಂದರಲ್ಲಿ ಒಂದೂ ದಾಟಿಲ್ಲ. ಎಣಿಕೆಯೂ 10ರ ಘಾತ 9ರ ಮೇಲೆ ಬಂದು ಕೂತಿದೆ. ಸೌತೆ, ಪಿಥಿಯಂ ಕುಂಡದಲ್ಲಿ ಮತ್ತೆ ಹತ್ತಕ್ಕೆ ಏಳೆಂಟು, ಒಂದು ಸಲ ಒಂಬತ್ತೂ ಬಂತು. ನಕ್ಕಿದ್ದ ಹಿರಿಯರು ಕಳೆದ ತಿಂಗಳು ತಾವೇ ಬಂದು ಎರಡು ವಯಲ್ ಕೇಳಿ ಒಯ್ದರು.

ಲ್ಯಾಬಿನೊಳಗೆ ಮಾತ್ರ ಬಳಸುವ ಇನ್ನೊಂದು ಅನುಕೂಲ ಇದೆ: ಸಯನೈಡ್ ಮಾಡುವ ಜೀನು ಚಾಲೂ ಇದ್ದರೆ ಬಣ್ಣ ತೋರಿಸುವ ತಳಿ. ಎಚ್‌ಸಿಎನ್‌ಎ ಜೀನಿಗೆ ಲ್ಯಾಕ್‌ಝಡ್ ಜೋಡಿಸಿದ ಪ್ಲಾಸ್ಮಿಡ್ ಇರುವ ತಳಿ, ಎಕ್ಸ್-ಗ್ಯಾಲ್ ಪ್ಲೇಟಿನ ಮೇಲೆ ಕೆಲಸಗಾರ ನೀಲಿ, ದಂಡಪಿಂಡ ಬಿಳಿ. ಮೀಡಿಯ ಬದಲಾವಣೆಗಳನ್ನು ಪರೀಕ್ಷಿಸಲು ಇದು ಹಾಲಿಗಿಂತ ಬೇಗ. ಮಾಲಿಗೆ ಇದನ್ನು ಸೇರಿಸುವ ಮಾತೇ ಇಲ್ಲ.

ಅಡ್ಡದಾರಿಯ ಎರಡು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಟೊಮೇಟೊ ಬೇರುಕೊಳೆಯ ಫ್ಯುಸೇರಿಯಂ ಎದುರು ನಮ್ಮ 27 ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆ ಶಿಲೀಂಧ್ರ ಬಿಡುವ ಫ್ಯುಸಾರಿಕ್ ಆ್ಯಸಿಡ್ ಡಿಎಪಿಜಿ ತಯಾರಿಯನ್ನೇ ಅಮುಕುತ್ತದೆ, ಸತು ಇದ್ದರೆ ಶಿಲೀಂಧ್ರ ಆ ಆ್ಯಸಿಡ್ ಮಾಡುವುದು ನಿಲ್ಲುತ್ತದೆ ಎಂದು ಓದಿ, ಫ್ಯುಸೇರಿಯಂ ಬೆಳೆದ ದ್ರವವನ್ನು ಸೋಸಿ ನಮ್ಮ ಕಲ್ಚರಿಗೆ ಹಾಕಿದೆ. ಸತುವಿಲ್ಲದೆ ಬೆಳೆದ ಶಿಲೀಂಧ್ರದ ಸೋಸು ಹಾಕಿದಲ್ಲಿ ಡಿಎಪಿಜಿ ಮೂರನೇ ಒಂದು ಪಾಲಿಗೆ ಇಳಿಯಿತು, ಸತು ಹಾಕಿ ಬೆಳೆಸಿದ್ದರ ಸೋಸು ಹಾಕಿದಲ್ಲಿ ಹೆಚ್ಚೇನೂ ಇಳಿಯಲಿಲ್ಲ. ಒಂದೇ ಉಪ್ಪು ಎರಡು ಕಡೆ ಕೆಲಸ ಮಾಡಿತು. ಕುಂಡದ ಮಣ್ಣಿಗೆ ಸತು ಹಾಕಿದಾಗ ಮಾತ್ರ ಒಂದು ಸಲ ಗೆದ್ದೆ, ಎರಡು ಸಲ ಸೋತೆ.

ಎರಡನೆಯದು ನನ್ನ ಸಿಟ್ಟಿನಿಂದ ಹುಟ್ಟಿದ್ದು. ದಂಡಪಿಂಡಗಳನ್ನೇ ಬೇರಿಗೆ ಹಾಕಿದರೆ ಏನಾಗುತ್ತದೆ ನೋಡೋಣ ಎಂದು ಹಾಕಿದೆ. ಸಸಿ ಉಳಿಯಲಿಲ್ಲ, ನಿರೀಕ್ಷಿಸಿದ್ದೇ. ಆದರೆ ಕೆಲಸಗಾರರ ಜೊತೆ ಬೆರೆಸಿ ಹಾಕಿದ ಕುಂಡಗಳಲ್ಲಿ ಒಟ್ಟು ಜೀವಿಗಳು ಬೇರಿನ ಮೇಲೆ ಹೆಚ್ಚು ದಿನ ನಿಂತವು, ರಕ್ಷಣೆಯೂ ಅಷ್ಟೇನೂ ಕುಂದಲಿಲ್ಲ. 30-84ರ ಮೇಲೆ ಗೋಧಿ ಬೇರಿನಲ್ಲಿ ಇಂಥದ್ದೇ ಫಲ ಬಂದಿರುವುದು ಆಮೇಲೆ ಕಣ್ಣಿಗೆ ಬಿತ್ತು. ಫ್ಲಾಸ್ಕಿನಲ್ಲಿ ಕಳ್ಳರಾದವರು ಬೇರಿನ ಮೇಲೆ ಏನೋ ಉಪಕಾರ ಮಾಡುತ್ತಾರೆ ಎಂದರೆ ನನ್ನ ಬೈಗುಳದಲ್ಲಿ ಒಂದಿಷ್ಟು ವಾಪಸ್ ತೆಗೆದುಕೊಳ್ಳಬೇಕಾದೀತು. ಯಾವ ಪ್ರಮಾಣದವರೆಗೆ ಎಂಬುದನ್ನು ಈಗ ನೋಡುತ್ತಿದ್ದೇನೆ, ಒಂದಕ್ಕೆ ಹತ್ತರಿಂದ ಶುರುಮಾಡಿದ್ದೇನೆ.

ಎರಡೂ ಪ್ಲಾಸ್ಮಿಡ್ಡಿಗೆ ಬಗ್ಗದ ಆ ಎಂಟನೇ ಕಾಲೊನಿ ಫ್ರೀಜರಿನ ಕೆಳ ಖಾನೆಯಲ್ಲಿದೆ. ಗ್ಯಾಕ್ ಎರಡನ್ನೂ ಪೂರ್ತಿ ಓದಿಸಿದೆ, ಒಂದು ಅಕ್ಷರವೂ ತಪ್ಪಿಲ್ಲ. ಮುಂದಿನ ಸರದಿ ಪುಟ್ಟ ಆರ್‌ಎನ್‌ಎಗಳದ್ದು. ಪ್ರೈಮರ್‌ಗಳಿಗೆ ಆರ್ಡರ್ ಕೊಟ್ಟಾಗಿದೆ.